ಮುಂದೆ ಒಂದು ಕಾರು ಹಿಡಿಸುವಷ್ಟು ಜಾಗ: ಬೆಂಗಳೂರು ಟ್ರಾಫಿಕ್‌ನಲ್ಲಿ ಕ್ಲಚ್ ಉಳಿಸಿಕೊಳ್ಳುವುದು ಹೇಗೆ

ನನ್ನ ಮೇಜಿನ ಮೇಲೆ ಒಂದು ಸುಟ್ಟ ಕ್ಲಚ್ ಪ್ಲೇಟ್ ಇದೆ. ತಿಂಡಿ ತಟ್ಟೆಯಷ್ಟು ಅಗಲ. ಎರಡೂ ಮುಖದ ಲೈನಿಂಗ್ ಸವೆದು ರಿವೆಟ್ ತಲೆಗಳು ಹೊರಗೆ ಕಾಣುತ್ತಿವೆ. ಮೂಗಿನ ಹತ್ತಿರ ತಂದರೆ ಈಗಲೂ ಸೀದ ವಾಸನೆ ಬರುತ್ತದೆ.

ಅದು ನನ್ನ ಸೊಸೆಯ, ಅಂದರೆ ತಂಗಿ ಮಗಳ, ಕಾರಿನದು. ಕಾರು ತಗೊಂಡು ಎರಡು ವರ್ಷ, ಓಡಿದ್ದು 23,000 ಕಿ.ಮೀ. ಜೆ.ಪಿ. ನಗರದಿಂದ ಬೆಳ್ಳಂದೂರಿಗೆ ದಿನಾ ಆಫೀಸಿಗೆ ಹೋಗಿ ಬರುತ್ತಾಳೆ. ದಾರಿಯಲ್ಲಿ ಸಿಲ್ಕ್ ಬೋರ್ಡ್ ಇದೆ ಅಂದರೆ ಉಳಿದದ್ದು ನಿಮಗೇ ಗೊತ್ತಾಗುತ್ತದೆ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದಾಗ ನಾನೂ ಗ್ಯಾರೇಜಿನಲ್ಲೇ ಇದ್ದೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಮೇಲೆ ನವಿಲಿನ ಕತ್ತಿನ ಬಣ್ಣದ ಮಚ್ಚೆಗಳು. ನಾನು ಪೀಣ್ಯದ ಒಂದು ಟೂಲ್ ರೂಮ್‌ನಲ್ಲಿ 26 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಲೋಹ ಆ ನೀಲಿಗೆ ತಿರುಗಬೇಕಾದರೆ ಸುಮಾರು 300 ಡಿಗ್ರಿ ಕಾದಿರಬೇಕು.

“ಮಾಮಾ, ನಾನು ಯಾವತ್ತೂ ಜೋರಾಗಿ ಓಡಿಸಿಲ್ಲ. ಇಪ್ಪತ್ತರ ಮೇಲೆ ಹೋದರೆ ಅದೇ ಹೆಚ್ಚು. ಹೇಗೆ ಸುಟ್ಟಿತು?” ಅಂದಳು.

ಗ್ಯಾರೇಜಿನ ಭಾಯ್ ಕೈ ಒರೆಸಿಕೊಳ್ಳುತ್ತಾ, “ಅದಕ್ಕೇ ಸುಟ್ಟಿದ್ದಮ್ಮ” ಅಂದರು.

ಭಾಯ್ ಹೇಳಿದ್ದು ಪೂರ್ತಿ ನಿಜ. ಕ್ಲಚ್ ಸಾಯುವುದು ವೇಗದಲ್ಲಿ ಅಲ್ಲ, ತೆವಳುವುದರಲ್ಲಿ. ಆಮೇಲೆ ನಾಲ್ಕು ಭಾನುವಾರ ಅವಳಿಗೆ ಮತ್ತೆ ಓಡಿಸುವುದು ಕಲಿಸಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನದು 2012ರ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೀಟರಿನಲ್ಲಿ 1,38,000 ಕಿ.ಮೀ. ಇದೆ, ಕ್ಲಚ್ ಕಂಪನಿಯಿಂದ ಬಂದದ್ದೇ. ಓಡುವುದು ನಾಗರಭಾವಿಯಿಂದ ಪೀಣ್ಯಕ್ಕೆ, ದಾರಿಯಲ್ಲಿ ಸುಮನಹಳ್ಳಿ, ಲಗ್ಗೆರೆ, ಗೊರಗುಂಟೆಪಾಳ್ಯ. 11 ಕಿ.ಮೀ.ಗೆ ಬೆಳಿಗ್ಗೆ 42 ನಿಮಿಷ. ಹಾಗಾಗಿ ಇದು ಖಾಲಿ ರಸ್ತೆಯಲ್ಲಿ ಓಡಿಸುವವರ ಉಪದೇಶ ಅಂದುಕೊಳ್ಳಬೇಡಿ.

ಒಳಗೆ ಏನಾಗುತ್ತದೆ

ಎರಡೂ ಅಂಗೈಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಿಸಿ ಆಗುವುದಿಲ್ಲ. ಈಗ ಸ್ವಲ್ಪ ಸಡಿಲ ಬಿಟ್ಟು ಉಜ್ಜಿ. ಚಳಿಗಾಲದ ಬೆಳಿಗ್ಗೆ ಮಾಡುತ್ತೇವಲ್ಲ, ಹಾಗೆ. ತಕ್ಷಣ ಬಿಸಿ. ಕ್ಲಚ್ ಅಂದರೆ ಇಷ್ಟೇ. ಒಂದು ಅಂಗೈ ಇಂಜಿನ್ ಜೊತೆ ತಿರುಗುವ ಫ್ಲೈವೀಲ್. ಇನ್ನೊಂದು ಗೇರ್‌ಬಾಕ್ಸ್ ಕಡೆಯ ಕ್ಲಚ್ ಪ್ಲೇಟ್. ಪೆಡಲ್ ಪೂರ್ತಿ ಬಿಟ್ಟರೆ ಸ್ಪ್ರಿಂಗ್ ಅವೆರಡನ್ನೂ ಒತ್ತಿ ಹಿಡಿಯುತ್ತದೆ, ಒಟ್ಟಿಗೆ ತಿರುಗುತ್ತವೆ. ಪೂರ್ತಿ ಒತ್ತಿದರೆ ಬೇರೆಯಾಗುತ್ತವೆ. ಈ ಎರಡೂ ಸ್ಥಿತಿಯಲ್ಲಿ ಪ್ಲೇಟ್ ಸವೆಯುವುದಿಲ್ಲ. ಸವೆಯುವುದು ನಡುವೆ, ಉಜ್ಜುವಾಗ. ಅದನ್ನೇ ನಾವೆಲ್ಲ ಹಾಫ್ ಕ್ಲಚ್ ಅನ್ನುವುದು.

ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ, ಸುಮಾರು 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ತಿರುಗುತ್ತದೆ. ಫಸ್ಟ್ ಗೇರ್‌ನಲ್ಲಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ ಅದು ಗಂಟೆಗೆ 6 ಕಿ.ಮೀ. ಹತ್ತಿರ ಹೋಗುತ್ತದೆ. ಚುರುಕಾಗಿ ನಡೆಯುವ ಮನುಷ್ಯನ ವೇಗ. ಅದೇ ಇಂಜಿನ್ನನ್ನು 2,000ಕ್ಕೆ ಏರಿಸಿ ಕ್ಲಚ್ ಬಿಟ್ಟರೆ, ಪ್ಲೇಟ್ ಪೂರ್ತಿ ಹಿಡಿಯುವ ಹೊತ್ತಿಗೆ ಕಾರು 15 ಕಿ.ಮೀ. ವೇಗಕ್ಕೆ ಬಂದಿರಬೇಕು. ಇಂಜಿನ್ ವೇಗ ಒಂದೇ ಇದ್ದರೆ, ಆ ಹೊತ್ತಿನಲ್ಲಿ ಕಾರಿಗೆ ಎಷ್ಟು ಚಲನಶಕ್ತಿ ಸಿಕ್ಕಿತೋ ಸುಮಾರು ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಬಿಸಿಯಾಗಿ ಹೋಗುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡೂವರೆ ಪಟ್ಟು ವೇಗ ಅಂದರೆ ಆರು ಪಟ್ಟು ಬಿಸಿ. ಮುಂದಿನ ಕಾರು ಮೂರು ಅಡಿ ಜರುಗಿತು ಅಂತ ಗುಂಯ್ ಅನ್ನಿಸಿ ನೀವೂ ಮೂರು ಅಡಿ ಜರುಗಿದಿರಿ. ಕ್ಲಚ್ ಪೂರ್ತಿ ಹಿಡಿಯುವ ಮೊದಲೇ ಮತ್ತೆ ಬ್ರೇಕ್. ಪ್ರಯಾಣ ಪೂರ್ತಿ ಉಜ್ಜಾಟದಲ್ಲೇ ಮುಗಿಯಿತು.

ಏರಿನಲ್ಲಿ ಇನ್ನೂ ಕಷ್ಟ. ಒಂದು ಟನ್ ತೂಕದ ಕಾರು, ನೂರು ಮೀಟರಿಗೆ ಐದು ಮೀಟರ್ ಏರುವ ರ‍್ಯಾಂಪ್. ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಂಡಿದ್ದೀರಿ. ಲೆಕ್ಕ ಹಾಕಿದರೆ ಕ್ಲಚ್ಚಿನಲ್ಲಿ ಹುಟ್ಟುವ ಬಿಸಿ ಒಂದು ಸಾವಿರ ವ್ಯಾಟ್ ಹತ್ತಿರ ಬರುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆ ಅಷ್ಟೇ ಇರುತ್ತದೆ. ಮುಚ್ಚಿದ ಡಬ್ಬಿಯೊಳಗೆ ಇಸ್ತ್ರಿ ಪೆಟ್ಟಿಗೆ ಆನ್ ಮಾಡಿ ಇಟ್ಟಂತೆ. ಇದನ್ನು ಹೇಳಿದ ದಿನದಿಂದ ಅವಳು ಏರಿನಲ್ಲಿ ಹಾಗೆ ನಿಂತಿಲ್ಲ.

ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ

ಟ್ರಾಫಿಕ್‌ನಲ್ಲಿ ಕಲಿಯುವುದಕ್ಕೆ ಆಗುವುದಿಲ್ಲ. ನಾವು ಹೋಗಿದ್ದು ಕೆಂಪೇಗೌಡ ಲೇಔಟಿಗೆ. ಸೈಟುಗಳು ಖಾಲಿ, ರಸ್ತೆಗಳು ಅಗಲ, ಬೆಳಿಗ್ಗೆ ಏಳಕ್ಕೆ ಹಸುಗಳು ಬಿಟ್ಟರೆ ಯಾರೂ ಇಲ್ಲ. ನಿಮ್ಮ ಕಡೆಯೂ ಅಂಥದ್ದೊಂದು ರಸ್ತೆ ಇರುತ್ತದೆ.

ಮೊದಲು ಸೀಟು ನೋಡಿ. ಕ್ಲಚ್ ತಳ ಮುಟ್ಟುವವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರಬೇಕು. ನನ್ನ ಸೊಸೆಯ ಸೀಟು ಒಂದು ಗೇಣು ಹಿಂದಿತ್ತು. ಕಾಲಿನ ತುದಿಯಿಂದ ಪೆಡಲ್ ತಳ್ಳುತ್ತಿದ್ದಳು. ಹಾಗೆ ಮಾಡಿದರೆ ಕಾಲು ಸೋಲುತ್ತದೆ, ಸೋತ ಕಾಲು ಪೆಡಲ್ ಮೇಲೇ ಕೂತುಬಿಡುತ್ತದೆ. ಸೀಟು ಮುಂದೆ ಎಳೆದದ್ದೇ ಅರ್ಧ ಸಮಸ್ಯೆ ಹೋಯಿತು. ಚಪ್ಪಲಿಯಾದರೆ ಹಿಮ್ಮಡಿಗೆ ಪಟ್ಟಿ ಇರುವುದು ಹಾಕಿ. ದಪ್ಪ ಅಟ್ಟೆಯ ಶೂ ಬೇಡ, ಪೆಡಲ್ ಎಲ್ಲಿ ಹಿಡಿಯುತ್ತದೆ ಅನ್ನುವುದು ಕಾಲಿಗೆ ಗೊತ್ತೇ ಆಗುವುದಿಲ್ಲ.

ಈಗ ಫಸ್ಟ್ ಗೇರ್ ಹಾಕಿ. ಬಲಗಾಲನ್ನು ಆಕ್ಸಿಲರೇಟರಿನಿಂದ ಪೂರ್ತಿ ತೆಗೆದು ಬ್ರೇಕ್ ಹತ್ತಿರ ಸುಮ್ನೆ ಇಟ್ಟುಕೊಳ್ಳಿ. ಕ್ಲಚ್ಚನ್ನು ನಿಧಾನಕ್ಕೆ ಮೇಲಕ್ಕೆ ಬಿಡಿ. ಒಂದು ಕಡೆ ಇಂಜಿನ್ ಸದ್ದು ಸ್ವಲ್ಪ ಗಟ್ಟಿಯಾಗುತ್ತದೆ, ಸ್ಟೀರಿಂಗ್ ಮೆಲ್ಲಗೆ ನಡುಗುತ್ತದೆ, ಬಾನೆಟ್ ಒಂದು ಎಳೆ ಮೇಲೇಳುತ್ತದೆ. ಅದು ಕ್ಲಚ್ ಹಿಡಿಯುವ ಜಾಗ. ಅಲ್ಲಿ ಒಂದು ಕ್ಷಣ ನಿಲ್ಲಿಸಿ. ಚಕ್ರ ತಿರುಗಿದ ಕೂಡಲೇ ಉಳಿದದ್ದನ್ನೂ ಬಿಡಿ, ಕಾಲನ್ನು ಪಕ್ಕದ ಡೆಡ್ ಪೆಡಲ್ (ಎಡಗಾಲು ಊರುವ ಜಾಗ) ಮೇಲೆ ಇಡಿ. ಕಾರು ತಾನೇ ನಡೆಯುತ್ತದೆ.

ಅವಳು ಮೊದಲ ಆರೇಳು ಸಲ ಆಫ್ ಮಾಡಿದಳು. ಪರವಾಗಿಲ್ಲ, ಆಫ್ ಆದರೆ ಕ್ಲಚ್ಚಿಗೆ ಏನೂ ನಷ್ಟ ಇಲ್ಲ. ಎಂಟನೇ ಸಲ ಕಾರು ಹೊರಟಿತು. ನಾನು ಇಳಿದು ಅದರ ಪಕ್ಕದಲ್ಲೇ ನಡೆದೆ. ಕಿಟಕಿ ಇಳಿಸಿ ನನ್ನ ಜೊತೆ ಮಾತಾಡುತ್ತಾ ಅವಳು ಎರಡು ಕಾಲೂ ಪೆಡಲ್‌ಗಳಿಂದ ತೆಗೆದು ರಸ್ತೆಯ ಕೊನೆಯವರೆಗೆ ಬಂದಳು. “ಇದು ಇಷ್ಟು ನಿಧಾನ ಹೋಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ” ಅಂದಳು. ಎರಡು ವರ್ಷ ಓಡಿಸಿದ ಕಾರಿನ ಬಗ್ಗೆ! ಡ್ರೈವಿಂಗ್ ಸ್ಕೂಲಿನಲ್ಲಿ ಇದನ್ನು ಯಾರೂ ತೋರಿಸಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲೂ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲ ಕ್ಲಾಸೇ ಇದಾಗಬೇಕು.

ಇದೇ ಅಭ್ಯಾಸ ಸೆಕೆಂಡ್ ಗೇರ್‌ನಲ್ಲೂ ಮಾಡಿ. ಚಲಿಸುತ್ತಿರುವಾಗ ಸೆಕೆಂಡ್‌ಗೆ ಹಾಕಿ ಕಾಲು ತೆಗೆಯಿರಿ, 10-11 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಡೀಸೆಲ್ ಕಾರುಗಳಿಗೆ ಇದು ಸುಲಭ, ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಜಾಸ್ತಿ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು ಎಸಿ ಹಾಕಿದಾಗ ಸ್ವಲ್ಪ ತಿಣುಕಬಹುದು. ಆಗ ಸ್ವಲ್ಪವೇ ಆಕ್ಸಿಲರೇಟರ್ ಕೊಡಿ, 1,200 ದಾಟುವುದು ಬೇಡ. ಕೈಲಿ ಈ ಎರಡು ವೇಗ ಇದ್ದರೆ, 6 ಮತ್ತು 10, ಬೆಂಗಳೂರಿನ ಅರ್ಧ ಟ್ರಾಫಿಕ್ ಹಾಗೇ ದಾಟಬಹುದು.

ಜಾಗ ಬಿಡುವುದು

ಕಾರು 6 ಕಿ.ಮೀ. ವೇಗದಲ್ಲಿ ಉರುಳಬೇಕಾದರೆ ಮುಂದೆ ಉರುಳಲು ನೆಲ ಬೇಕು. ಬಂಪರಿಗೆ ಬಂಪರ್ ತಾಗಿಸಿಕೊಂಡು ನಿಂತರೆ ಆ ನೆಲ ಎಲ್ಲಿಂದ ಬರಬೇಕು?

ನಿಲ್ಲುವಾಗ ಮುಂದಿನ ಕಾರಿನ ಹಿಂದಿನ ಚಕ್ರ ನೆಲ ಮುಟ್ಟಿರುವುದು ನಿಮ್ಮ ಸೀಟಿನಿಂದ ಕಾಣಬೇಕು. ಅದರ ಈಚೆಗೆ ಸ್ವಲ್ಪ ಟಾರು ಕೂಡ ಕಾಣಬೇಕು. ಮುಂದಿನ ಕಾರು ಕೆಟ್ಟು ನಿಂತರೂ ರಿವರ್ಸ್ ಹಾಕದೆ ಪಕ್ಕಕ್ಕೆ ತೆಗೆಯುವುದಕ್ಕೆ ಆಗುತ್ತದೆ. ನ್ಯೂಟ್ರಲ್ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಕಾಲಿಗೆ ವಿಶ್ರಾಂತಿ ಕೊಡಿ. ಫಸ್ಟ್ ಗೇರ್‌ನಲ್ಲಿ ಕ್ಲಚ್ ಒತ್ತಿಕೊಂಡೇ ಎರಡು ನಿಮಿಷ ನಿಂತರೆ ಪ್ಲೇಟ್ ಸವೆಯದಿದ್ದರೂ, ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಅಷ್ಟು ಹೊತ್ತೂ ಭಾರ ಹೊತ್ತಿರುತ್ತದೆ. ಅದು ಹೋದರೂ ಗೇರ್‌ಬಾಕ್ಸ್ ಇಳಿಸಲೇಬೇಕು.

ಮುಂದಿನ ಕಾರು ಹೊರಟಿತು. ತಕ್ಷಣ ಹೊರಡಬೇಡಿ. ಒಂದು ಕಾರು ಹಿಡಿಸುವಷ್ಟು ಜಾಗ, ಅಂದರೆ ಏಳೆಂಟು ಮೀಟರ್ ಆಗಲಿ. ಆಮೇಲೆ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಉರುಳಿ. ಆ ಎಂಟು ಮೀಟರ್ ಕ್ರಮಿಸುವುದಕ್ಕೆ ಐದು ಸೆಕೆಂಡ್ ಬೇಕು. ಅಷ್ಟರಲ್ಲಿ ಮುಂದಿನವರು ಇನ್ನೊಂದಿಷ್ಟು ಹೋಗಿರುತ್ತಾರೆ. ನೀವು ನಿಲ್ಲದೆ ಉರುಳುತ್ತಲೇ ಇರುತ್ತೀರಿ. ಅವರು ಐದು ಸಲ ನಿಂತು ಹೊರಟ ದೂರವನ್ನು ನೀವು ಒಂದೇ ಸಲ ಕ್ಲಚ್ ಬಿಟ್ಟು ಮುಗಿಸುತ್ತೀರಿ.

ಕಣ್ಣು ಎಲ್ಲಿರಬೇಕು ಅನ್ನುವುದೂ ಮುಖ್ಯ. ಮುಂದಿನ ಕಾರಿನ ಬ್ರೇಕ್ ಲೈಟ್ ನೋಡಬೇಡಿ, ಅದರ ಗಾಜಿನೊಳಗಿಂದ ಮೂರನೇ ಕಾರಿನ ಬ್ರೇಕ್ ಲೈಟ್ ನೋಡಿ. ಮುಂದೆ ಬಸ್ಸೋ ಟೆಂಪೋನೋ ಇದ್ದರೆ ಅದರ ಕೆಳಗಿನಿಂದ, ಪಕ್ಕದಿಂದ ನೆರಳು ನೋಡಿ. ಮೂರನೆಯದು ನಿಂತಿದ್ದರೆ ಓಡಿ ಹೋಗಿ ಏನು ಪ್ರಯೋಜನ? ಕಾಲು ತೆಗೆದುಬಿಡಿ, ಗೇರ್‌ನಲ್ಲೇ ಇರಲಿ. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ, ಆರ್‌ಪಿಎಂ ಐಡ್ಲಿಂಗ್ ಹತ್ತಿರ ಇಳಿಯುವವರೆಗೆ, ಇಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿ ಉರುಳಿಸಿದರೆ ಐಡ್ಲಿಂಗಿಗೆ ಅಂತ ಪೆಟ್ರೋಲ್ ಖರ್ಚಾಗುತ್ತಲೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಜಾರು ಇಳಿದರೆ ಮೈಲೇಜ್ ಬರುತ್ತದೆ ಅನ್ನುವುದು ಹಳೆ ಕಾರ್ಬ್ಯುರೇಟರ್ ಕಾಲದ ಮಾತು. ಶಿರಾಡಿ ಘಾಟಿಯಲ್ಲಿ ಹಾಗೆ ಇಳಿದರಂತೂ ಬ್ರೇಕ್ ಕಾದು ಕೈಕೊಡುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. “ಗ್ಯಾಪ್ ಬಿಟ್ಟರೆ ಬೈಕಿನವರು ನುಗ್ಗುತ್ತಾರಲ್ಲ?” ನುಗ್ಗುತ್ತಾರೆ. ಒಂದು ದಿನ ಸುಮನಹಳ್ಳಿಯಿಂದ ಗೊರಗುಂಟೆಪಾಳ್ಯದವರೆಗೆ ಎಣಿಸಿದೆ. ನನ್ನ ಮುಂದಿನ ಜಾಗಕ್ಕೆ 14 ಬೈಕ್, 3 ಆಟೋ, 2 ಕಾರು ಬಂದವು. ಬೈಕುಗಳಲ್ಲಿ 11 ಅಲ್ಲಿ ನಿಲ್ಲಲೇ ಇಲ್ಲ, ಸಂದಿ ಸಿಕ್ಕಿ ಮುಂದೆ ಹೋದವು. ಬಂದ ಎರಡು ಕಾರುಗಳಿಂದ ನಾನು ಎರಡು ಕಾರಿನಷ್ಟು ಹಿಂದೆ ಬಿದ್ದೆ. ಅಂದರೆ ಹತ್ತು ಮೀಟರ್ ಚಿಲ್ಲರೆ. ಅವತ್ತೂ ಆಫೀಸಿಗೆ 42 ನಿಮಿಷವೇ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅದೂ ನಿಜ. ನಾನು ಕೈ ಹೊರಗೆ ಹಾಕಿ ಮೆಲ್ಲಗೆ ಮುಂದೆ ತೋರಿಸುತ್ತೇನೆ, ನೋಡಿ ಮುಂದೆ ನಿಂತಿದೆ ಅಂತ. ಐದು ನಿಮಿಷಕ್ಕೆ ಹಿಂದಿನವರೂ ನನ್ನ ಹಾಗೇ ಉರುಳುತ್ತಿರುತ್ತಾರೆ, ಬೇರೆ ದಾರಿ ಇಲ್ಲವಲ್ಲ.

ಜಾಮ್ ಎಲ್ಲಿಂದ ಹುಟ್ಟುತ್ತದೆ

ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಜೊತೆಯವರು ಮಾಡಿದ್ದು, 2008ರಲ್ಲಿ ಪ್ರಕಟವಾಯಿತು. 230 ಮೀಟರ್ ಸುತ್ತಳತೆಯ ಒಂದು ವೃತ್ತ, ಅದರಲ್ಲಿ 22 ಕಾರು. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಹಸು ಇಲ್ಲ. ಎಲ್ಲರೂ 30 ಕಿ.ಮೀ. ವೇಗದಲ್ಲಿ ಸುತ್ತಬೇಕು, ಅಷ್ಟೇ ಸೂಚನೆ. ಸ್ವಲ್ಪ ಹೊತ್ತು ಚೆನ್ನಾಗಿ ಸುತ್ತಿದರು. ಆಮೇಲೆ ಯಾರೋ ಒಬ್ಬರು ಚೂರು ನಿಧಾನ ಮಾಡಿದರು, ಹಿಂದಿನವರು ಅದಕ್ಕಿಂತ ಚೂರು ಜಾಸ್ತಿ ಬ್ರೇಕ್ ಒತ್ತಿದರು, ಅವರ ಹಿಂದಿನವರು ಇನ್ನೂ ಜಾಸ್ತಿ. ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತೇಬಿಟ್ಟವು. ಆ ನಿಂತ ಗುಂಪು ವೃತ್ತದಲ್ಲಿ ಹಿಂದಕ್ಕೆ, ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಅಲೆಯ ಹಾಗೆ ಸರಿಯುತ್ತಾ ಹೋಯಿತು. ಅಡ್ಡಿ ಯಾವುದೂ ಇಲ್ಲದೆ ಜಾಮ್ ಹುಟ್ಟಿತು.

ನೀವೂ ನೋಡಿರುತ್ತೀರಿ. ಹೊರವರ್ತುಲ ರಸ್ತೆಯಲ್ಲಿ ಹತ್ತು ನಿಮಿಷ ತೆವಳಿ, ಏನೋ ಅಪಘಾತ ಆಗಿರಬೇಕು ಅಂದುಕೊಳ್ಳುತ್ತೀರಿ. ಇದ್ದಕ್ಕಿದ್ದಂತೆ ರಸ್ತೆ ಬಿಡಿಯಾಗುತ್ತದೆ. ಅಲ್ಲಿ ಏನೂ ಇರುವುದಿಲ್ಲ. ನೀವು ದಾಟಿದ್ದು ಅಂಥದ್ದೇ ಒಂದು ಅಲೆ. ಮುಂದಿನ ಕಾರಿನ ಬಾಲ ಹಿಡಿದು ಓಡಿಸುವವರು ಆ ಅಲೆಯನ್ನು ದೊಡ್ಡದು ಮಾಡಿ ಹಿಂದಕ್ಕೆ ಕಳಿಸುತ್ತಾರೆ. ಜಾಗ ಬಿಟ್ಟವರು ಬ್ರೇಕ್ ಒತ್ತದೆ, ಬರೀ ಕಾಲು ತೆಗೆದು, ಅದನ್ನು ತಮ್ಮ ಜಾಗದೊಳಗೇ ಕರಗಿಸುತ್ತಾರೆ. ಕ್ಲಚ್ ಉಳಿಸಲಿಕ್ಕೆ ನೀವು ಬಿಡುವ ಎಂಟು ಮೀಟರೇ ಹಿಂದಿನ ಐವತ್ತು ಜನರಿಗೂ ಕೆಲಸ ಮಾಡುತ್ತದೆ. ಇದನ್ನು ಎಷ್ಟು ಜನರಿಗೆ ಹೇಳಿದರೂ ನನಗೆ ಸಾಕಾಗುವುದಿಲ್ಲ.

ರಸ್ತೆ ಸೇರುವ ಕಡೆ ಜಡೆ ಹೆಣೆದಂತೆ ಸೇರಬೇಕು. ಎಡದಿಂದ ಒಂದು, ಬಲದಿಂದ ಒಂದು. ಗೊರಗುಂಟೆಪಾಳ್ಯದಲ್ಲಿ ನಾನು ವರ್ತುಲ ರಸ್ತೆಯಿಂದ ತುಮಕೂರು ರಸ್ತೆಗೆ ಎಡಕ್ಕೆ ತಿರುಗಬೇಕು, ಯಶವಂತಪುರದ ಕಡೆಯಿಂದ ಬರುವವರು ನೇರ ಬರುತ್ತಾರೆ. 2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್ ದೋಷ ಕಂಡು ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ವಾಹನಗಳಿಗೆ ಬಿಡುವವರೆಗೆ ಎಲ್ಲ ವಾಹನಗಳೂ ಕೆಳಗೇ. ಆ ದಿನಗಳಲ್ಲಿ ಅಲ್ಲಿ ಒಂದು ವಿಷಯ ಕಣ್ಣಾರೆ ಕಂಡೆ. ಪೊಲೀಸ್ ಒಬ್ಬರು ನಿಂತು ಕೈ ಮಾಡಿ ಒಂದೊಂದಾಗಿ ಬಿಟ್ಟ ದಿನ ಸಾಲು ನಿಧಾನಕ್ಕಾದರೂ ಹರಿಯುತ್ತಿತ್ತು. ಯಾರೂ ಇಲ್ಲದ ದಿನ ಮೂರು ಸಾಲು ಮೂತಿ ತೂರಿಸಿ, ಯಾರೂ ಅಲ್ಲಾಡುವ ಹಾಗಿರಲಿಲ್ಲ. ರಸ್ತೆ ಅದೇ, ವಾಹನಗಳೂ ಅಷ್ಟೇ.

ಮೇಲ್ಸೇತುವೆಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಮೆಷಿನ್ ಶಾಪ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಲೈನಿನಲ್ಲಿ ಯಾವ ಮೆಷಿನ್ ಎಲ್ಲಕ್ಕಿಂತ ನಿಧಾನವೋ ದಿನದ ಔಟ್‌ಪುಟ್ ಅದರದ್ದೇ. ಅದಕ್ಕೆ ಮುಂಚಿನ ಮೆಷಿನನ್ನು ವೇಗ ಮಾಡಿದರೆ ಮಾಲು ಬಂದು ನಿಧಾನದ ಮೆಷಿನಿನ ಮುಂದೆ ರಾಶಿ ಬೀಳುತ್ತದೆ, ಅಷ್ಟೇ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ಗೆ 2024ರ ಜುಲೈನಲ್ಲಿ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆದರು. ನನ್ನ ಸೊಸೆಗೆ ಆ ಭಾಗದ ಸಿಗ್ನಲ್‌ಗಳು ತಪ್ಪಿದವು, ಅದು ದೊಡ್ಡ ಉಪಕಾರವೇ. ಆದರೆ ಅವಳು ಇಳಿದು ಸೇರುವುದು ಅದೇ ವರ್ತುಲ ರಸ್ತೆಗೆ. ಅದು ಎಷ್ಟು ಕಾರು ನುಂಗುತ್ತದೋ ಅಷ್ಟೇ. ಅದೇ ಮೇಲ್ಸೇತುವೆಯ ಮೇಲಿನ ಅಂತಸ್ತಿನಲ್ಲಿ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ. ಕಾರು ಅಂದರೆ ಪ್ರಾಣ ಬಿಡುವ ನಾನೇ ಹೇಳುತ್ತೇನೆ, ಕೆಳಗಿನ ರಸ್ತೆಗಿಂತ ಮೇಲಿನ ಹಳಿಯೇ ಜಾಸ್ತಿ ಜನರನ್ನು ಸಾಗಿಸಬಲ್ಲದು. ನಾನೂ ವಾರಕ್ಕೆ ಎರಡು ದಿನ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಮೆಟ್ರೊದಲ್ಲಿ ಪೀಣ್ಯಕ್ಕೆ ಹೋಗುತ್ತೇನೆ.

ಸಿಗ್ನಲ್‌ನಲ್ಲಿ ಮಾಡಬೇಕಾದ್ದು ಎರಡೇ. ಹಸಿರು ಬಂದಾಗ ಒಂದು ಲೇನಿನಲ್ಲಿ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ. ಮೊದಲನೆಯವರು ಫೋನ್ ನೋಡುತ್ತಾ ನಾಲ್ಕು ಸೆಕೆಂಡ್ ತಡ ಮಾಡಿದರೆ ಹಿಂದೆ ಎರಡು ಕಾರಿಗೆ ಈ ಸಲದ ಹಸಿರು ತಪ್ಪಿತು. ಆದ್ದರಿಂದ ಮುಂದೆ ನಿಂತಿದ್ದರೆ ಟೈಮರ್ ಐದಕ್ಕೆ ಬಂದಾಗಲೇ ಗೇರ್ ಹಾಕಿ ತಯಾರಿರಿ. ಎರಡನೆಯದು, ಆಚೆ ಕಡೆ ಜಾಗ ಇಲ್ಲದಿದ್ದರೆ ಹಸಿರಿದ್ದರೂ ಸರ್ಕಲ್ ಒಳಗೆ ಹೋಗಬೇಡಿ.

ಏರು

ಸುಮನಹಳ್ಳಿ ಮೇಲ್ಸೇತುವೆಯ ಏರಿನಲ್ಲಿ ಬೆಳಿಗ್ಗೆ ಸಾಲು ನಿಂತಿರುತ್ತದೆ. ಅಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ. ಹೊರಡುವಾಗ ಗೇರ್ ಹಾಕಿ, 1,200-1,500ರವರೆಗೆ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಹಿಡಿಯುವ ಜಾಗಕ್ಕೆ ತನ್ನಿ. ಬಾನೆಟ್ ಮೇಲೆದ್ದಿತು ಅನ್ನಿಸಿದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಒಂದು ಇಂಚೂ ಹಿಂದಕ್ಕೆ ಹೋಗುವುದಿಲ್ಲ. ಏರಿನಲ್ಲಿ ಜಾಗವನ್ನು ಇನ್ನೂ ಜಾಸ್ತಿ ಬಿಡಿ, ಎರಡು ಕಾರಿನಷ್ಟು. ಮುಂದಿನವರು ಹಿಂದಕ್ಕೆ ಜಾರಿದರೆ ಎಂಬ ಕಾರಣಕ್ಕೂ ಬೇಕು.

ಸುಟ್ಟ ವಾಸನೆ ಬಂದರೆ ಆಗಲೇ ನಿಲ್ಲಿಸಿ. ಪಕ್ಕಕ್ಕೆ ತೆಗೆದು ಇಪ್ಪತ್ತು ನಿಮಿಷ ಆರಲು ಬಿಟ್ಟರೆ ಬಹಳ ಸಲ ಪ್ಲೇಟ್ ಬದುಕುತ್ತದೆ. ವಾಸನೆ ಬಂದ ಮೇಲೂ ಎಳೆದುಕೊಂಡು ಹೋದರೆ ಲೈನಿಂಗ್ ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ಹಿಡಿಯುವುದಿಲ್ಲ.

ಆಟೋಮ್ಯಾಟಿಕ್ ಇದ್ದವರಿಗೂ ಒಂದು ಮಾತು

ಎಎಂಟಿ ಕಾರಿನೊಳಗೆ ಇರುವುದು ಇದೇ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲಿನ ಕೆಲಸವನ್ನು ಒಂದು ಮೋಟಾರು ಮಾಡುತ್ತದೆ, ಅಷ್ಟೇ ವ್ಯತ್ಯಾಸ. ನೀವು ಬ್ರೇಕನ್ನು ಅರ್ಧ ಬಿಟ್ಟು ಅರ್ಧ ಹಿಡಿದು ತೆವಳಿದರೆ ಒಳಗೆ ಅದು ಹಾಫ್ ಕ್ಲಚ್ಚನ್ನೇ ಮಾಡುತ್ತಿರುತ್ತದೆ. ಒಣ ಕ್ಲಚ್ಚಿನ ಡಿಸಿಟಿಯೂ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಅಷ್ಟೇ, ಬಿಸಿಯಾಗಿ ಎಚ್ಚರಿಕೆ ದೀಪ ಬರುವುದು ಇಂಥ ತೆವಳಾಟದಲ್ಲೇ. ಇಬ್ಬರಿಗೂ ಎಂಟು ಮೀಟರ್ ನಿಯಮವೇ ಮದ್ದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಳ್ಳುವುದಂತೂ ಬೇಡವೇ ಬೇಡ. ಟಾರ್ಕ್ ಕನ್ವರ್ಟರ್ ಬೇರೆ ಜಾತಿ. ಅಲ್ಲಿ ಎಣ್ಣೆಯೇ ಶಕ್ತಿ ದಾಟಿಸುತ್ತದೆ, ಜಾರುವುದೇ ಅದರ ಕೆಲಸ. ದಿನಾ ಎರಡು ಗಂಟೆ ತೆವಳುವವರು ನನ್ನನ್ನು ಕೇಳಿದರೆ ಟಾರ್ಕ್ ಕನ್ವರ್ಟರ್ ಅಥವಾ ಎಲೆಕ್ಟ್ರಿಕ್ ಅನ್ನುತ್ತೇನೆ. ಎಲೆಕ್ಟ್ರಿಕ್ ಕಾರಿಗೆ ಕ್ಲಚ್ಚೇ ಇಲ್ಲ, ನಿಧಾನ ಮಾಡುವಾಗ ಬ್ಯಾಟರಿಗೂ ಒಂದಿಷ್ಟು ವಾಪಸ್ ಬರುತ್ತದೆ.

ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ಸರ್ವಿಸ್ ಪುಸ್ತಕದಲ್ಲಿ ಎಣ್ಣೆ ಬದಲಿಸಲು 10,000 ಕಿ.ಮೀ. ಅಂತ ಇರುತ್ತದೆ. ನನ್ನ 42 ನಿಮಿಷದ ಲೆಕ್ಕದಲ್ಲಿ ಸರಾಸರಿ ವೇಗ 16 ಕಿ.ಮೀ. ಕೂಡ ಇಲ್ಲ. 10,000 ಕಿ.ಮೀ. ಆಗುವಷ್ಟರಲ್ಲಿ ನನ್ನ ಇಂಜಿನ್ 630 ಗಂಟೆಗೂ ಜಾಸ್ತಿ ಓಡಿರುತ್ತದೆ. ಹಾಸನ ರಸ್ತೆಯಲ್ಲಿ 60ರಲ್ಲಿ ಓಡುವ ಕಾರಿಗೆ ಅದೇ ದೂರಕ್ಕೆ 167 ಗಂಟೆ ಸಾಕು. ಹೆಚ್ಚುಕಡಿಮೆ ನಾಲ್ಕು ಪಟ್ಟು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆ ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ, ನಿಂತು ಹೊರಡುವ ಓಡಾಟವೂ ಅದರಲ್ಲಿ ಸೇರಿರುತ್ತದೆ. ಹುಡುಕಿ ಓದಿ. ನಾನು 6,000ಕ್ಕೇ ಬದಲಿಸುತ್ತೇನೆ.

ನಿಂತ ಕಾರಿಗೆ ಗಾಳಿ ಬಡಿಯುವುದಿಲ್ಲ, ರೇಡಿಯೇಟರ್ ಫ್ಯಾನ್ ಒಂದೇ ಗತಿ. ಏಪ್ರಿಲ್ ಬರುವ ಮೊದಲು ಫ್ಯಾನ್ ತಿರುಗುತ್ತಿದೆಯಾ ನೋಡಿ, ರೇಡಿಯೇಟರ್ ರೆಕ್ಕೆಗಳ ಧೂಳನ್ನು ಕಡಿಮೆ ಒತ್ತಡದ ನೀರಿನಿಂದ ತೊಳೆಸಿ. ಸೂಜಿ ಮೇಲಕ್ಕೆ ಹೋಯಿತಾ, ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿ. ಬೆವರು ಇಳಿಯುತ್ತದೆ, ಆದರೆ ಇಂಜಿನ್ನಿನ ಬಿಸಿ ಕ್ಯಾಬಿನ್ನಿಗೆ ಬಂದು ಸೂಜಿ ಇಳಿಯುತ್ತದೆ. ಅಷ್ಟರಲ್ಲಿ ಪಕ್ಕಕ್ಕೆ ನಿಲ್ಲಿಸಿ. ಬಿಸಿ ಇದ್ದಾಗ ಮುಚ್ಚಳ ತೆಗೆಯಲೇಬೇಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಇದ್ದವರು ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಇಪ್ಪತ್ತು ನಿಮಿಷ, 2,000 ಆರ್‌ಪಿಎಂ ಮೇಲೆ ಒಂದೇ ಸಮ ಓಡಿಸಿ. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಅನ್ನುವ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಉರಿದು ಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ತೆವಳುವ ಕಾರಿನಲ್ಲಿ ಅಷ್ಟು ಬಿಸಿ ಹುಟ್ಟುವುದಿಲ್ಲ.

ಕ್ಲಚ್ ಎಷ್ಟು ಉಳಿದಿದೆ ನೋಡುವುದು

ಖಾಲಿ ರಸ್ತೆಯಲ್ಲಿ ಫೋರ್ತ್ ಗೇರ್‌ಗೆ ಹಾಕಿ 40ರಲ್ಲಿ ಹೋಗಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಆರ್‌ಪಿಎಂ ಸೂಜಿ ಮತ್ತು ವೇಗದ ಸೂಜಿ ಎರಡೂ ಜೊತೆಜೊತೆಗೆ ನಿಧಾನಕ್ಕೆ ಏರಬೇಕು. ಆರ್‌ಪಿಎಂ ಮಾತ್ರ ಚಕ್ಕನೆ ಹಾರಿ, ಕಾರು ಹಿಂದೆ ಉಳಿದರೆ ಪ್ಲೇಟ್ ಜಾರುತ್ತಿದೆ, ಗ್ಯಾರೇಜಿಗೆ ಹೋಗುವ ಸಮಯ. ಕೇಬಲ್ ಕ್ಲಚ್ಚಿನ ಕಾರಾದರೆ ಇನ್ನೊಂದು ಗುರುತಿದೆ. ಪ್ಲೇಟ್ ಸವೆದಂತೆ ಹಿಡಿಯುವ ಜಾಗ ಮೇಲಕ್ಕೆ ಬರುತ್ತಾ ಹೋಗುತ್ತದೆ. ಪೆಡಲ್ ಪೂರ್ತಿ ಮೇಲೆ ಬಂದಾಗ ಮಾತ್ರ ಹಿಡಿಯುತ್ತಿದ್ದರೆ ಮೊದಲು ಕೇಬಲ್ ಅಡ್ಜಸ್ಟ್ ಮಾಡಿಸಿ, ಆಮೇಲೆ ಪ್ಲೇಟಿನ ಮಾತು.

ಹೋದ ತಿಂಗಳು ನನ್ನ ಸೊಸೆಯ ಕಾರಿನಲ್ಲಿ ನೈಸ್ ರಸ್ತೆಗೆ ಹೋಗಿ ಈ ಪರೀಕ್ಷೆ ಮಾಡಿದೆವು. ಹೊಸ ಪ್ಲೇಟಿಗೆ ಈಗ 35,000 ಕಿ.ಮೀ. ಆಗಿದೆ, ಅದೇ ಸಿಲ್ಕ್ ಬೋರ್ಡ್, ಅದೇ ಬೆಳ್ಳಂದೂರು. ಎರಡೂ ಸೂಜಿ ಒಟ್ಟಿಗೆ ಏರಿದವು. ಪೆಡಲ್ ಇನ್ನೂ ಕೆಳಗೇ ಹಿಡಿಯುತ್ತದೆ. ವಾಪಸ್ ಬರುವಾಗ ಬನಶಂಕರಿ ಹತ್ತಿರ ಸಾಲು ನಿಂತಿತ್ತು. ಅವಳು ಮುಂದಿನ ಕಾರಿನ ಚಕ್ರ ಕಾಣುವ ಹಾಗೆ ನಿಲ್ಲಿಸಿ, ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದಳು. ನಾನು ಏನೂ ಹೇಳಬೇಕಾಗಲಿಲ್ಲ.